ಶಾವಿಗೆ ಒರಳಿನ ಮೇಲಿಂದ ಹಾರಿದ್ದು

ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ಕನ್ನಡದವರ ಮನೆಗಳಲ್ಲಿ ಸುಧಾಮಣಿ ಎಂದರೆ ಬೆಂಕಿಗೆ ಹೆದರುವ ಹೆಂಗಸು ಎಂದೇ ಎಲ್ಲರಿಗೂ ಗೊತ್ತಿತ್ತು. ಗಣೇಶನ ಹಬ್ಬಕ್ಕೆ ಯಾರ ಮನೆಯಲ್ಲಿ ಸೇರಿದರೂ ಮಂಗಳಾರತಿಯ ಹೊತ್ತಿಗೆ ಆಕೆ ಬಾಗಿಲ ಕಡೆ ಸರಿದುಬಿಡುತ್ತಿದ್ದಳು. ತಟ್ಟೆ ಹತ್ತಿರ ಬಂದರೆ ದೂರದಿಂದಲೇ ಕೈಮುಗಿಯುತ್ತಿದ್ದಳು. ಮನೆ ಕೊಳ್ಳುವಾಗ ಗಂಡ ಚೆಲುವರಾಜು ಸ್ಕೂಲು ಹೇಗಿದೆ, ರೂಟ್ ಒನ್ ಹೆದ್ದಾರಿ ಎಷ್ಟು ದೂರ ಎಂದು ವಿಚಾರಿಸುತ್ತಿದ್ದರೆ, ಆಕೆ ನೇರವಾಗಿ ಅಡುಗೆಮನೆಗೆ ಹೋಗಿ ಒಲೆ ನೋಡುತ್ತಿದ್ದಳು. ಕೊನೆಗೆ ಕರೆಂಟಿನ ಒಲೆ ಇದ್ದ ಮನೆಯನ್ನೇ ಕೊಂಡರು.

ಕಾರಣ ಗೊತ್ತಿದ್ದವರು ಕಡಿಮೆ. ಮಂಡ್ಯದಲ್ಲಿ ಆಕೆ ಇನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ಅಕ್ಕ ಪಂಕಜಾ ಕಾಫಿಗೆ ನೀರಿಡಲು ಸೀಮೆಎಣ್ಣೆ ಸ್ಟವ್ ಪಂಪು ಹೊಡೆಯುತ್ತಿದ್ದಳು. ಸ್ಟವ್ ಸಿಡಿಯಿತು. ಅಕ್ಕನ ಸೀರೆ ಹೊತ್ತಿಕೊಂಡಿತು. ಹಜಾರದಲ್ಲಿ ಪಾಠ ಓದುತ್ತಿದ್ದ ಸುಧಾಮಣಿ ಓಡಿಬಂದು ಸೆರಗನ್ನು ಎಳೆದುಹಾಕಲು ನೋಡಿದಳು. ಅವಳ ಎಡಗೈ ಮೊಣಕೈವರೆಗೂ ಬೆಂದಿತು. ಕೈ ವಾಸಿಯಾಯಿತು. ಅಕ್ಕ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಆಮೇಲೆ ಸುಧಾಮಣಿ ಬಿ.ಎಸ್ಸಿ. ಮಾಡಿದಳು, ಮದುವೆಯಾದಳು, ನ್ಯೂಜೆರ್ಸಿಗೆ ಬಂದು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದಳು, ಹಿಮದಲ್ಲಿ ಕಾರು ಓಡಿಸಲು ಕಲಿತಳು. ಹೊಸದಾಗಿ ಬಂದ ಯಾವುದಕ್ಕೂ ಅಂಜಿದವಳಲ್ಲ. ಬೆಂಕಿಕಡ್ಡಿಯನ್ನು ಮಾತ್ರ ಕೈಯಲ್ಲಿ ಹಿಡಿಯಲಿಲ್ಲ.

ಅಂಥವಳ ಮನೆಗೆ ರಾಕೆಟ್ ಬಂತು.

ಅದು ಎಂಬತ್ತೈದರ ವಸಂತ. ಮಗಳು ಮಂಜರಿ ಸ್ಕೂಲಿನ ಸೈನ್ಸ್ ಕ್ಲಬ್ಬಿನಿಂದ ಉದ್ದನೆಯ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಬಂದಳು. ಒಳಗೆ ರಟ್ಟಿನ ಕೊಳವೆ, ಹಗುರ ಮರದ ರೆಕ್ಕೆಗಳು, ಪ್ಲಾಸ್ಟಿಕ್ಕಿನ ಚೂಪು ಮೂತಿ, ಮಡಿಸಿಟ್ಟ ಕಿತ್ತಳೆ ಬಣ್ಣದ ಪುಟ್ಟ ಪ್ಯಾರಾಚೂಟು. ಇವುಗಳ ಜೊತೆ ಬೆರಳುದ್ದದ, ಕಂದು ಕಾಗದ ಸುತ್ತಿದ ಎಂಜಿನ್ನು. ಅದರೊಳಗೆ ಮದ್ದು ತುಂಬಿದೆ ಎಂದು ಗೊತ್ತಾದ ಕೂಡಲೇ ಸುಧಾಮಣಿ ಅದನ್ನು ಟಿಶ್ಯೂನಲ್ಲಿ ಎತ್ತಿಕೊಂಡು ಹೋಗಿ ಗರಾಜಿನ ಅತ್ಯಂತ ದೂರದ ಮೂಲೆಯಲ್ಲಿಟ್ಟು ಬಂದಳು.

ಅತ್ತೆ ಕೃಷ್ಣಮ್ಮ ಆ ವರ್ಷ ಇವರೊಂದಿಗಿದ್ದರು. ಡೈನಿಂಗ್ ಟೇಬಲ್ಲಿನ ಮೇಲೆ ಮೊಮ್ಮಗಳು ಗೋಂದು ಹಚ್ಚಿ ರೆಕ್ಕೆ ಅಂಟಿಸುವುದನ್ನು ನೋಡಿ, "ಸುಧಾ, ಈ ಮಗು ಮಾಡ್ತಿರೋದು ದೀಪಾವಳಿ ಬಾಣ ತಾನೆ? ಇಷ್ಟಕ್ಕೆ ಇಷ್ಟೊಂದು ಸಡಗರವಾ?" ಎಂದರು.

"ಇಟ್ಸ್ ನಾಟ್ ಎ ಫೈರ್‌ವರ್ಕ್, ಅಜ್ಜಿ. ಇಟ್ ಕಮ್ಸ್ ಬ್ಯಾಕ್!" ಎಂದಳು ಮಂಜರಿ.

ಒಂದು ಶನಿವಾರ ಸ್ಕೂಲಿನ ಹಿಂದಿನ ಮೈದಾನದಲ್ಲಿ ಕ್ಲಬ್ಬಿನ ಮಕ್ಕಳೆಲ್ಲ ಸೇರಿದರು. ಪೆಟ್ಟಿಗೆಯ ಜೊತೆಗೇ ಬಂದಿದ್ದ ಪ್ಲಾಸ್ಟಿಕ್ಕಿನ ಮೂರು ಕಾಲಿನ ಸ್ಟ್ಯಾಂಡಿನಲ್ಲಿ ಕಬ್ಬಿಣದ ಸಣ್ಣ ಸರಳು ನೆಟ್ಟಗೆ ನಿಂತಿತ್ತು. ರಾಕೆಟ್ಟಿನ ಪಕ್ಕಕ್ಕೆ ಅಂಟಿಸಿದ್ದ ನಳಿಗೆಯನ್ನು ಆ ಸರಳಿಗೆ ಪೋಣಿಸಿದ್ದರು. ಹಾರುವಾಗ ಆ ಸರಳೇ ಅದಕ್ಕೆ ದಾರಿ ತೋರಿಸಬೇಕು. ದೂರದಿಂದ ವೈರು ಎಳೆದು ಗುಂಡಿ ಒತ್ತಿದರು. ಅದೇ ಗಳಿಗೆಯಲ್ಲಿ ಗಾಳಿ ಬೀಸಿತು. ಹಗುರವಾದ ಸ್ಟ್ಯಾಂಡು ಮಗ್ಗುಲಿಗೆ ವಾಲಿತು. ರಾಕೆಟ್ಟು ಆಕಾಶಕ್ಕೆ ಹೋಗುವ ಬದಲು ಹುಲ್ಲಿನ ಮೇಲೆ ಬುಸುಗುಟ್ಟುತ್ತಾ ಜನರ ಕಡೆಗೇ ನುಗ್ಗಿತು. ಖಾಲಿ ಕುರ್ಚಿಗಳ ಸಾಲಿಗೆ ಬಡಿದು ಟಪ್ಪೆಂದು ಸಿಡಿದು, ಕಿತ್ತಳೆ ಪ್ಯಾರಾಚೂಟನ್ನು ನೆಲದ ಮೇಲೆ ಉಗುಳಿತು. ಯಾರಿಗೂ ಏನೂ ಆಗಲಿಲ್ಲ. ಒಂದು ಮೊಳದಷ್ಟು ಹುಲ್ಲು ಸುಟ್ಟಿತ್ತು, ಅಷ್ಟೆ.

ಸುಧಾಮಣಿಗೆ ಮೈಮೇಲೆ ಎಚ್ಚರ ಬಂದಾಗ ಆಕೆ ಪಾರ್ಕಿಂಗ್ ಲಾಟಿನಲ್ಲಿದ್ದಳು. ತನ್ನ ಭುಜದಷ್ಟು ಎತ್ತರ ಬೆಳೆದಿದ್ದ ಮಗಳನ್ನು ಎತ್ತಿಕೊಂಡಿದ್ದಳು. ಎಷ್ಟು ದೂರ ಓಡಿಬಂದೆ ಎಂಬುದು ಅವಳಿಗೇ ತಿಳಿಯಲಿಲ್ಲ.

"ಸಾಕು. ಇನ್ಮೇಲೆ ಇದು ನಮ್ಮ ಮನೇಲಿ ಬೇಡ," ಎಂದಳು ಕಾರಿನಲ್ಲಿ.

ಮಂಜರಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಹೇಳಿದಳು: "ಯು ಡೋಂಟ್ ಈವನ್ ಲೈಟ್ ಎ ಕ್ಯಾಂಡಲ್, ಅಮ್ಮ. ನನ್ನ ಬರ್ತ್‌ಡೇಗೂ ಡ್ಯಾಡೀನೇ ಲೈಟ್ ಮಾಡೋದು."

ಈ ಮಾತು ಸುಧಾಮಣಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಮಗಳು ಬೇಸರದಿಂದ ಆಡಿದ್ದಳೇ ಹೊರತು ಸುಳ್ಳು ಹೇಳಿರಲಿಲ್ಲ. ಲ್ಯಾಬಿನಲ್ಲಿ ಟ್ಯೂಬುಗಳನ್ನು ಜೋಡಿಸುತ್ತಾ ಆ ವಾರವಿಡೀ ಅದನ್ನೇ ಮೆಲುಕು ಹಾಕಿದಳು. ಪರೀಕ್ಷೆ ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ಹಿಂದಕ್ಕೆ ಹೋಗಿ ಹುಡುಕುವುದು ಅವಳ ದಿನನಿತ್ಯದ ಕೆಲಸ. ಮೈದಾನದಲ್ಲಿ ನಡೆದದ್ದನ್ನೂ ಹಾಗೆಯೇ ಹಿಂದಕ್ಕೆ ಬಿಡಿಸಿ ನೋಡಿದಳು. ಮದ್ದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ವೈರೂ ಸರಿಯಾಗಿತ್ತು. ಕೈಕೊಟ್ಟದ್ದು ಆ ಪ್ಲಾಸ್ಟಿಕ್ ಕಾಲುಗಳು. ಗಾಳಿಗೆ ಅಲುಗದ ಒಂದು ಸ್ಟ್ಯಾಂಡಿದ್ದಿದ್ದರೆ?

ಶುಕ್ರವಾರ ಸಂಜೆ ಆಫೀಸಿನಿಂದ ಬಂದ ಚೆಲುವರಾಜು ಗರಾಜಿನ ಬಾಗಿಲೆತ್ತಿ ದಂಗಾದ. ಹೆಂಡತಿ ಮನೆಯ ಸಾಮಾನೆಲ್ಲ ಹರವಿಕೊಂಡು ನಿಂತಿದ್ದಳು. ಇಸ್ತ್ರಿ ಟೇಬಲ್ಲು, ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿ, ಹಿಂದಿನ ಮನೆಯವರು ಬಿಟ್ಟುಹೋಗಿದ್ದ ಕ್ರಿಸ್‌ಮಸ್ ಮರದ ಸ್ಟ್ಯಾಂಡು. ಒಂದೊಂದನ್ನೂ ಕಾಲಿನಿಂದ ತಳ್ಳಿ ಪರೀಕ್ಷಿಸುತ್ತಿದ್ದಳು. ಒಂದೊಂದೂ ಅಲುಗುತ್ತಿತ್ತು.

"ಏನ್ ಸುಧಾ ಇದು? ಹಳೇ ಸಾಮಾನು ಮಾರೋ ಗರಾಜ್ ಸೇಲಾ?"

"ಬಿದ್ದುಹೋಗದೇ ಇರೋದು ಏನಾದ್ರೂ ಇದೆಯಾ ರೀ ಈ ಮನೇಲಿ?"

ಆಗ ಅವಳ ಕಣ್ಣು ಮೂಲೆಯಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿದ್ದ ಶಾವಿಗೆ ಒರಳಿನ ಮೇಲೆ ಬಿತ್ತು. ಊರಿನಿಂದ ಕೃಷ್ಣಮ್ಮ ಹಟ ಹಿಡಿದು ತಂದದ್ದು. ಏರ್‌ಪೋರ್ಟಿನಲ್ಲಿ ಇದೇನು ಯಂತ್ರ ಎಂದು ಅಧಿಕಾರಿಗಳು ಅರ್ಧ ಗಂಟೆ ತಿರುಗಿಸಿ ನೋಡಿದ್ದ ಎರಕದ ಕಬ್ಬಿಣದ ಒರಳು. ಅಗಲವಾಗಿ ಊರಿದ ಮೂರು ಕಾಲು, ನಡುವೆ ಹಿಟ್ಟಿನ ಕೊಳವೆ ಕೂರುವ ಬಳೆ, ಮೇಲೆ ತಿರುಪು ಇಳಿಯುವ ಕಂಡಿ. ಸುಧಾಮಣಿ ಅದನ್ನು ಕಾಲಿನಿಂದ ತಳ್ಳಿದಳು. ಕಾಲು ನೋಯಿತು, ಒರಳು ಮಿಸುಕಲಿಲ್ಲ.

ಕೇಳಬೇಕಾದದ್ದು ಅತ್ತೆಯನ್ನು. ಕೃಷ್ಣಮ್ಮ ಮೊದಲು ಕಣ್ಣರಳಿಸಿದರು.

"ಅಯ್ಯೋ, ನನ್ನ ಒರಳಿನ ಮೇಲೆ ಪಟಾಕಿ ಹೊಡೀತೀಯೇನವ್ವಾ? ನಮ್ಮತ್ತೆ ಕೊಟ್ಟಿದ್ದು ಕಣೆ ಅದು. ತುಕ್ಕು ಹಿಡೀಬಾರದು ಅಂತ ಹರಳೆಣ್ಣೆ ಸವರಿ ಸವರಿ ಇಟ್ಟಿದ್ದೀನಿ."

"ಒರಳಿಗೆ ಏನೂ ಆಗಲ್ಲ ಅತ್ತೆ. ತಿರುಪು, ಕೊಳವೆ ಎರಡನ್ನೂ ಬಿಚ್ಚಿ ನಿಮ್ಮ ಕೈಗೇ ಕೊಡ್ತೀನಿ. ಕಾಲು ಮಾತ್ರ ನಂಗೆ ಬೇಕು."

ಕೃಷ್ಣಮ್ಮ ಸೊಸೆಯ ಮುಖ ನೋಡಿದರು. ಮದುವೆಯಾದಾಗಿನಿಂದ ದೇವರ ದೀಪವನ್ನೂ ಹಚ್ಚದ ಹುಡುಗಿ ಇವಳು. ಅದಕ್ಕಾಗಿ ಅವರು ಒಂದು ದಿನವೂ ಅವಳನ್ನು ಆಡಿಕೊಂಡವರಲ್ಲ. "ತಗೊ. ಆದ್ರೆ ಬಿಡೋವಾಗ ನನ್ನನ್ನೂ ಕರ್ಕೊಂಡ್ ಹೋಗ್ಬೇಕು," ಎಂದರು.

ತಿರುಪಿನ ಕಂಡಿಗೆ ಚೆಲುವರಾಜು ಮರದ ಬೆಣೆ ಹೊಡೆದು, ಅದರ ನಡುವೆ ಸರಳನ್ನು ಬಿಗಿಯಾಗಿ ನಿಲ್ಲಿಸಿದ. ಜ್ವಾಲೆ ಬೆಣೆಗೆ ತಾಗದಂತೆ ಏನನ್ನಾದರೂ ಅಡ್ಡ ಇಡಬೇಕಿತ್ತು. ನಡು ಉಬ್ಬಿ ದೋಸೆ ಸರಿಯಾಗಿ ಏಳದೆ ಮೂಲೆ ಸೇರಿದ್ದ ಕಬ್ಬಿಣದ ಕಾವಲಿಗೆ ತೂತು ಕೊರೆದು ಸರಳಿಗೆ ಪೋಣಿಸಿದರು. ಪೆಟ್ಟಿಗೆಯಲ್ಲಿದ್ದ ವೈರು ಸುಧಾಮಣಿಗೆ ಸಾಲದು. ಅದರ ಮೂರರಷ್ಟು ಉದ್ದ ಬೇಕೆಂದಳು. ಅಷ್ಟು ದೂರಕ್ಕೆ ಸಣ್ಣ ಬ್ಯಾಟರಿಯ ಶಕ್ತಿ ಮುಟ್ಟುವುದಿಲ್ಲ ಎಂದು ಚೆಲುವರಾಜು ಕಾರಿನ ಬ್ಯಾಟರಿಯಿಂದಲೇ ಸಂಪರ್ಕ ಕೊಟ್ಟ. ಆಕೆ ಬೆಂಕಿ ಆರಿಸುವವರ ಫೈರ್ ಹೌಸಿಗೂ ಹೋಗಿ ಅನುಮತಿ ಕೇಳಿದಳು. ಅಲ್ಲಿನ ಮಾರ್ಷಲ್ ತಾನೂ ಬಂದು ನೋಡುತ್ತೇನೆ ಎಂದ. ಬಂದವನು ಒರಳನ್ನು ಸುತ್ತಿ ಸುತ್ತಿ ನೋಡಿ, ಇದನ್ನು ಯಾವ ಕಂಪನಿ ಮಾಡುತ್ತದೆ ಎಂದು ಕೇಳಿದ. ನೂಡಲ್ಸ್ ಮಾಡುವ ಯಂತ್ರ ಎಂದು ಮಂಜರಿ ವಿವರಿಸಿದಾಗ ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಅದೇ ಮೈದಾನ. ಬಿಸಿಲು ಚೆನ್ನಾಗಿತ್ತು, ಗಾಳಿ ಆಗಾಗ ಬೀಸುತ್ತಿತ್ತು. ಕೃಷ್ಣಮ್ಮ ಸೀರೆಯ ಮೇಲೆ ಮಗನ ಜಾಕೆಟ್ ತೊಟ್ಟು ಮಡಿಸುವ ಕುರ್ಚಿಯಲ್ಲಿ ಕುಳಿತು, "ರಾಹುಕಾಲ ಕಳೀತೇನೋ ನೋಡ್ರಪ್ಪ," ಎಂದರು. ಎಲ್ಲ ಸಿದ್ಧವಾದಾಗ ಮಂಜರಿ ಗುಂಡಿಯ ಡಬ್ಬಿಯನ್ನು ತಾಯಿಯ ಮುಂದೆ ಚಾಚಿದಳು.

"ನೀನೇ ಒತ್ತು, ಅಮ್ಮ. ಯು ಬಿಲ್ಟ್ ಇಟ್."

ಸುಧಾಮಣಿ ಒಮ್ಮೆ ಒರಳಿನ ಕಡೆ ನೋಡಿದಳು. ಬೇಡ ಎನ್ನಲು ತುಟಿ ತೆರೆದಳು. ಮಾತು ಹೊರಡುವ ಮೊದಲೇ ಡಬ್ಬಿ ಕೈಗೆ ಬಂದಿತ್ತು. ಕ್ಲಬ್ಬಿನ ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆ ಹಿಂದೆ ಎಣಿಸುತ್ತಾ ಸೊನ್ನೆಗೆ ಬಂದರು. ಆಕೆ ಒತ್ತಿದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಾವಲಿಯ ಮೇಲೆ ಬಿಳಿ ಬೆಳಕೊಂದು ಅರಳಿತು, ಸುಯ್ಯೆಂಬ ಸದ್ದಾಯಿತು. ಒರಳಿನ ಮೇಲೆ ನಿಂತಿದ್ದ ರಾಕೆಟ್ಟು ಅಲ್ಲಿ ಇರಲೇ ಇಲ್ಲ. ಕಣ್ಣು ಅದನ್ನು ಹಿಂಬಾಲಿಸುವಷ್ಟರಲ್ಲಿ ನೀಲಿಯಲ್ಲಿ ಹೊಗೆಯ ಒಂದು ಗೆರೆ ಮಾತ್ರ ಉಳಿದಿತ್ತು, ದಾರ ಹಿಡಿದು ಎಳೆದಷ್ಟು ನೆಟ್ಟಗೆ. ಆ ಗೆರೆಯ ತುದಿ ಎಲ್ಲಿದೆ ಎಂದು ಎಲ್ಲರೂ ಕತ್ತೆತ್ತಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ಹುಡುಕಿದರು. ಎಲ್ಲೋ ಎತ್ತರದಲ್ಲಿ, ಮರಗಳಿಗಿಂತ, ನೀರಿನ ಟ್ಯಾಂಕಿಗಿಂತ ಎಷ್ಟೋ ಮೇಲೆ, ಸಣ್ಣದಾಗಿ ಟಪ್ಪೆಂದಿತು. ಕಿತ್ತಳೆ ಬಣ್ಣದ ಚುಕ್ಕೆಯೊಂದು ಬಿಚ್ಚಿಕೊಂಡಿತು. ತೂಗುತ್ತಾ, ಅವಸರವಿಲ್ಲದೆ, ಇಳಿಯತೊಡಗಿತು.

ಮಕ್ಕಳು ಕಿರುಚುತ್ತಾ ಅದರ ಹಿಂದೆ ಓಡಿದರು. ಸುಧಾಮಣಿ ನಿಂತಲ್ಲೇ ನಿಂತಿದ್ದಳು. ಅವಳಿಗೆ ಗೊತ್ತಿದ್ದ ಬೆಂಕಿ ಮನುಷ್ಯರ ಕಡೆಗೆ ಬರುವ ಬೆಂಕಿ. ಇದು ಹೇಳಿದ ಜಾಗದಲ್ಲಿ ಹೊತ್ತಿ, ಹೇಳಿದ ದಾರಿ ಹಿಡಿದು, ಯಾರನ್ನೂ ಮುಟ್ಟದೆ ಮೇಲಕ್ಕೆ ಹೋಗಿತ್ತು. ತನ್ನ ಜೊತೆ ಹಗುರವಾದುದೊಂದನ್ನು ಎತ್ತಿಕೊಂಡು ಹೋಗಿ, ಆಕಾಶದಲ್ಲಿಟ್ಟು, ಆರಿಹೋಗಿತ್ತು. ಹೀಗೂ ಇರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೆಲ್ಲಗೆ ನಡೆದು ಒರಳಿನ ಹತ್ತಿರ ಹೋದಳು. ಕಾವಲಿಯ ಅಂಚನ್ನು ಮುಟ್ಟಿದಳು. ಕೊನೆಯ ದೋಸೆ ತೆಗೆದು ಸ್ವಲ್ಪ ಹೊತ್ತಾದ ಮೇಲೆ ಇರುವಷ್ಟು ಬೆಚ್ಚಗಿತ್ತು. ಕಣ್ಣಲ್ಲಿ ನೀರು ತುಂಬಿ, ಮರಳಿ ಬರುತ್ತಿದ್ದ ಮಗಳ ಮುಖ ಸರಿಯಾಗಿ ಕಾಣಿಸಲಿಲ್ಲ.

"ಇನ್ನೊಂದ್ಸಲ ಬಿಡ್ರೇ!" ಎಂದು ಕುರ್ಚಿಯಿಂದ ಕೂಗಿದರು ಕೃಷ್ಣಮ್ಮ. "ನಾನು ರೆಪ್ಪೆ ಹೊಡೆದುಬಿಟ್ಟೆ!"

ಆ ಬೇಸಿಗೆಯಿಂದ ಸುಧಾಮಣಿ ರಾಕೆಟ್ ಆಂಟಿಯಾದಳು. ಶನಿವಾರ ಬಂದರೆ ಸ್ಟೇಷನ್ ವ್ಯಾಗನ್ನಿನ ಹಿಂದೆ ಒರಳು ಏರುತ್ತಿತ್ತು. ಪಕ್ಕದೂರು ಈಸ್ಟ್ ಬ್ರನ್ಸ್‌ವಿಕ್‌ನಿಂದ, ಒಮ್ಮೊಮ್ಮೆ ನದಿಯಾಚೆ ದೂರದ ಬೆಲ್‌ರೋಸ್‌ನಿಂದಲೂ, ಕನ್ನಡದ ಮಕ್ಕಳು ತಂದೆತಾಯಿಯರನ್ನು ಎಳೆದುಕೊಂಡು ಬರುತ್ತಿದ್ದರು. ಆಕೆ ಕಟ್ಟುನಿಟ್ಟು. ಗಾಳಿ ಹೆಚ್ಚಾದರೆ ಎಲ್ಲವನ್ನೂ ಮಡಿಸಿಟ್ಟು ಮನೆಗೆ ಹೊರಡುವುದೇ. ಎಷ್ಟು ಗೋಗರೆದರೂ ಬಿಡುತ್ತಿರಲಿಲ್ಲ. ವೈರಿನಾಚೆ ಒಂದು ಹೆಜ್ಜೆ ಇಟ್ಟವರಿಗೆ ಅಂದು ಸರದಿ ಇಲ್ಲ. ಗೌರಿ ಹಬ್ಬದ ಹಿಂದಿನ ದಿನ ಮಾತ್ರ ಒರಳಿಗೆ ರಜೆ. ಕೃಷ್ಣಮ್ಮ ಊರಿಗೆ ಹೋದ ವರ್ಷಗಳಲ್ಲೂ ಸುಧಾಮಣಿ ಅದನ್ನು ತೊಳೆದು, ಒರೆಸಿ, ತಿರುಪು ಹಾಕಿ ಶಾವಿಗೆ ಒತ್ತುತ್ತಿದ್ದಳು.

ಮಂಜರಿ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಾಗ, ತೊಂಬತ್ತೊಂದರ ಜನವರಿಯಲ್ಲಿ, ಒಂದು ಹೊಸ ರಾಕೆಟ್ ತಂದಳು. ಅದರ ಮೂತಿಯಲ್ಲಿ ಪುಟ್ಟ ಕ್ಯಾಮೆರಾ ಇತ್ತು. ಮೇಲೆ ಹೋಗಿ ಪ್ಯಾರಾಚೂಟು ಬಿಚ್ಚುವ ಹೊತ್ತಿಗೆ ಒಂದೇ ಒಂದು ಚಿತ್ರ ತೆಗೆಯುತ್ತದೆ. ಹಿಂದಿನ ದಿನವಷ್ಟೇ ಹಿಮ ಬಿದ್ದಿತ್ತು. ಮೈದಾನ ಹೆಜ್ಜೆ ಬೀಳದ ಬಿಳಿ. ಊರಿನಿಂದ ಆಗಷ್ಟೇ ಮರಳಿದ್ದ ಕೃಷ್ಣಮ್ಮ, ಮೊಣಕಾಲು ನೋಯುತ್ತಿದ್ದರೂ, ಬರುವುದೇ ಸೈ ಎಂದರು. ನಾಲ್ವರೂ ಹಿಮ ತುಳಿದುಕೊಂಡು ಹೋಗಿ ಒರಳು ಇಟ್ಟು ಬಂದರು. ಗಾಳಿ ಎಂಬುದೇ ಇರಲಿಲ್ಲ. ರಾಕೆಟ್ಟು ಹೋದ ಮೇಲೆ ಹೊಗೆಯ ಗೆರೆ ಕಂಬದಂತೆ ಬಹಳ ಹೊತ್ತು ನಿಂತೇ ಇತ್ತು.

ಮುಂದಿನ ವಾರ, ಫಿಲ್ಮ್ ತೊಳೆಯಲು ಕೊಟ್ಟಿದ್ದ ಡ್ರಗ್ ಸ್ಟೋರಿನಲ್ಲಿ ಪ್ರಿಂಟ್ ಸಿಕ್ಕಿತು. ಕಾರಿನಲ್ಲಿ ಹೀಟರ್ ಹಾಕಿಕೊಂಡು, ಅಲ್ಲೇ ಪಾರ್ಕಿಂಗ್ ಲಾಟಿನಲ್ಲಿ ಲಕೋಟೆ ಒಡೆದರು. ಅಂಗೈಯಗಲದ ಚಿತ್ರ, ಒಂದಿಷ್ಟು ವಾಲಿತ್ತು. ಅರ್ಧಕ್ಕರ್ಧ ಬಿಳಿ. ಒಂದು ಅಂಚಿನಲ್ಲಿ ಬೆಂಕಿಪೊಟ್ಟಣದ ಸಾಲಿನಂತೆ ಮನೆಗಳ ಸೂರು, ಅದರಾಚೆ ರಸ್ತೆ, ಅದರಾಚೆ ಬೋಳು ಮರಗಳ ಕಂದು ಮಬ್ಬು. ಬಿಳಿಯ ನಡುವೆ ಹೊಲಿಗೆಯಂಥ ತೆಳು ಗೆರೆಯೊಂದು ಎಳೆದಂತಿತ್ತು; ಅದು ತಾವು ತುಳಿದು ಹೋದ ಹೆಜ್ಜೆಗಳು ಎಂದು ಸುಧಾಮಣಿಗೆ ನಿಧಾನವಾಗಿ ಹೊಳೆಯಿತು. ಗೆರೆಯ ತುದಿಯಲ್ಲಿ ನಾಲ್ಕು ಕಪ್ಪು ಚುಕ್ಕೆ. ಚುಕ್ಕೆಗಳಿಗಿಂತ ಅವುಗಳ ನೆರಳೇ ಉದ್ದ.

ಹಿಂದಿನ ಸೀಟಿನಿಂದ ಕೃಷ್ಣಮ್ಮ ಚಿತ್ರವನ್ನು ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಇದರಲ್ಲಿ ನಾನು ಯಾರು ಸುಧಾ?"

"ಗೊತ್ತಾಗ್ತಿಲ್ಲ ಅತ್ತೆ."

"ಗೊತ್ತಾಗದಿದ್ರೆ ಬೇಡ ಬಿಡು," ಎಂದರು ಕೃಷ್ಣಮ್ಮ, ಚಿತ್ರವನ್ನು ಮಾತ್ರ ಯಾರ ಕೈಗೂ ಕೊಡದೆ. "ನಾಲ್ಕೂ ಒಟ್ಟಿಗಿವೆಯಲ್ಲ."