ಮೊಗ್ಗಿನ ವ್ಯಾಪಾರಿ ಧರ್ಮರಾಜುವಿನ ಕೊಳ

ಗಾಂಧಿ ಬಜಾರಿನ ಹೂವಾಡಿಗರಿಗೆ ಹೂವೆಂದರೆ ಪ್ರಾಣ ಎಂದು ನಂಬುವವರು ಹೂವು ಕೊಳ್ಳುವವರು ಮಾತ್ರ. ಧರ್ಮರಾಜುವಿಗೆ ಹೂವೆಂದರೆ ಗಡಿಯಾರ. ನಸುಕಿನಲ್ಲಿ ಮಾರ್ಕೆಟ್ಟಿನಿಂದ ತಂದ ಮೊಗ್ಗು ಬಿರಿಯುವುದರೊಳಗೆ ಇನ್ನೊಬ್ಬರ ಮನೆ ಸೇರಬೇಕು. ಮಲ್ಲಿಗೆ ಅಂಗಡಿಯಲ್ಲೇ ಬಿರಿದರೆ ಅರ್ಧ ಬೆಲೆ, ಗುಲಾಬಿ ಬಾಯಿ ಬಿಟ್ಟರೆ ಬಿಡಿ ಎಸಳಿನ ಗುಡ್ಡೆಗೆ, ತಾವರೆ ಅರಳಿದರೆ ಹಸುವಿಗೂ ಬೇಡ. ಅರಳುವುದು ಏನಿದ್ದರೂ ಗಿರಾಕಿಯ ಮನೆಯಲ್ಲಿ, ಗಿರಾಕಿಯ ಖರ್ಚಿನಲ್ಲಿ. ಇದು ಅವನ ಅಪ್ಪ ಹೇಳಿಕೊಟ್ಟ ಪಾಠ, ಅವನು ತಪ್ಪದೆ ನಡೆಸಿಕೊಂಡು ಬಂದ ವ್ರತ.

ಹೆಂಡತಿ ಲಕ್ಕಮ್ಮನಿಗೂ ಅವನಿಗೂ ಇದೊಂದೇ ವಿಷಯಕ್ಕೆ ಜಗಳ. ಮಿಕ್ಕಿದ್ದಕ್ಕೆಲ್ಲ ಜಗಳವಾಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

"ಇಷ್ಟು ವರ್ಷ ತಾವರೆ ಮಾರಿದ್ರಲ್ಲ, ಒಂದಾದ್ರೂ ಗಿಡದ ಮೇಲೆ ಅರಳೋದು ನೋಡಿದ್ದೀರಾ?"

"ನಾನ್ಯಾಕೆ ನೋಡ್ಲಿ? ನೋಡಿದ್ರೆ ಯಾರ್ ಕಾಸು ಕೊಡ್ತಾರೆ?"

ಎನ್.ಆರ್. ಕಾಲೋನಿಯ ಅವರ ಹಳೆ ಮನೆಯ ಹಿತ್ತಿಲಲ್ಲಿ ಒಂದು ಕಲ್ಲಿನ ತೊಟ್ಟಿ ಇತ್ತು. ಎರಡು ಎಮ್ಮೆ ಒಟ್ಟಿಗೆ ಮಲಗುವಷ್ಟು ದೊಡ್ಡದು. ಅಪ್ಪನಿಗೆ ಸೊಪ್ಪಿನ ವ್ಯಾಪಾರವಿದ್ದ ಕಾಲದಲ್ಲಿ ಸೊಪ್ಪು ತೊಳೆಯಲು ಕಟ್ಟಿಸಿದ್ದು. ಸೊಪ್ಪು ಹೋಗಿ ಹೂವು ಬಂದ ಮೇಲೆ ಅದರಲ್ಲಿ ಹಳೆ ಟೈರು, ಕಾಲು ಮುರಿದ ಕುರ್ಚಿ, ಕಿತ್ತುಹೋದ ಕುಕ್ಕೆಗಳು ಸಂಸಾರ ಹೂಡಿದ್ದವು. ಅವನ್ನೆಲ್ಲ ಗುಜರಿಗೆ ಹಾಕಿ ಲಕ್ಕಮ್ಮ ತೊಟ್ಟಿಗೆ ನೀರು ತುಂಬಿಸಿದಳು. ಅಂಚಿನ ಹಸಿಯಲ್ಲಿ ಬಜೆ, ಒಂದೆಲಗ, ಕೆಸು ನೆಟ್ಟಳು. ಸುತ್ತಲಿನ ಒಣ ನೆಲದಲ್ಲಿ ಕನಕಾಂಬರ, ದವನ, ಒಂದು ನಂದಿಬಟ್ಟಲು. ನೀರಿಗೆ ನೈದಿಲೆ ಬಿಟ್ಟಳು, ಸೊಳ್ಳೆ ಮರಿ ತಿನ್ನಲೆಂದು ಗಪ್ಪಿ ಮೀನು ಬಿಟ್ಟಳು. ಕೊನೆಗೆ ಹಳೆ ಬಾಂಡ್ಲಿಯೊಂದಕ್ಕೆ ಕೆರೆಮಣ್ಣು ತುಂಬಿ, ಯಾರಿಂದಲೋ ಬೇಡಿ ತಂದ ತಾವರೆ ಗೆಡ್ಡೆ ಊರಿ ನೀರಿನ ನಡುವೆ ಇಳಿಸಿದಳು. ಅವಳು ಅದನ್ನು ಕೊಳ ಎಂದಳು. ಧರ್ಮರಾಜು ತೊಟ್ಟಿ ಎಂದೇ ಕರೆಯುತ್ತಿದ್ದ.

ಮೊದಲ ಬೇಸಿಗೆಯಲ್ಲಿ ತಾವರೆ ಬರೀ ಎಲೆ ಬಿಟ್ಟಿತು. ಎರಡನೆಯ ಬೇಸಿಗೆ ಬರುವ ಮೊದಲೇ ಲಕ್ಕಮ್ಮ ಹೋದಳು. ಸಂಕ್ರಾಂತಿ ಕಳೆದ ಮೇಲೆ ಬಂದ ಜ್ವರ ಎದೆಗಿಳಿಯಿತು, ಆಸ್ಪತ್ರೆಗೆ ನಡೆದುಕೊಂಡೇ ಹೋದವಳು ಹಾಗೆ ವಾಪಸು ಬರಲಿಲ್ಲ. ಹಾಸಿಗೆಯಲ್ಲಿ ಮಲಗಿ ಅಕ್ಕ ಕಲ್ಯಾಣಮ್ಮನಿಗೆ ಹೇಳಿದ್ದು ಒಂದೇ ಮಾತು: "ಈ ಬೇಸಿಗೇಲಿ ತಾವರೆ ಮೊಗ್ಗಾಗುತ್ತೆ ನೋಡಕ್ಕ. ಒಂದಾದ್ರೂ ನಮ್ಮನೇಲಿ ಅರಳ್ಲಿ. ಅವ್ರ ಕೈಗೆ ಕುಯ್ಯೋಕೆ ಬಿಡ್ಬೇಡ."

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನವೇ ಧರ್ಮರಾಜು ಅಂಗಡಿ ತೆಗೆದ. ಸೂತಕದಲ್ಲಿ ದೇವರ ಹೂವು ಮಾರುವಂತಿಲ್ಲ, ಇಲ್ಲದಿದ್ದರೆ ಇನ್ನೂ ಮೊದಲೇ ತೆಗೆಯುತ್ತಿದ್ದ. ಅವನು ಅಳಲಿಲ್ಲ. ಮಗಳು ಬಿಂದು ಓಕಳಿಪುರದ ಗಂಡನ ಮನೆಯಿಂದ ಭಾನುವಾರ ಬಂದು ಇಬ್ಬರ ಪಾಲಿನದನ್ನೂ ಅತ್ತು ಹೋಗುತ್ತಿದ್ದಳು. ಅವನು ಎದುರಿಗೆ ಕೂತು ಟೀವಿಯ ಕಡೆ ನೋಡುತ್ತಿದ್ದ. ಟೀವಿ ಹಾಕಿರುತ್ತಿರಲಿಲ್ಲ.

ಪಕ್ಕದಲ್ಲಿ ಬಾಳೆಎಲೆ ಮಾರುವ ಶೀನಣ್ಣನಿಗೆ ಇದು ಸಹಿಸಲಾರದ ಸಂಗತಿ.

"ಏನ್ ಗುರು, ಒಂದ್ ಸತಿ ಅತ್ಬಿಡಯ್ಯ. ನಮಗಾದ್ರೂ ಸಮಾಧಾನ ಆಗ್ಲಿ."

"ಬೋಣಿ ಟೈಮಲ್ಲಿ ಬೇಡ ಬಿಡು."

"ಬೋಣಿ ಆದ್ಮೇಲೆ?"

"ಆದ್ಮೇಲೆ ಗಿರಾಕಿ ಇರ್ತಾರೆ."

ಅದು ಚೇಷ್ಟೆಯೂ ಅಲ್ಲ, ಗಡಸುತನವೂ ಅಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದರೆ ತುಟಿ ಯಾರದೋ ಆಗಿಬಿಡುತ್ತದಲ್ಲ, ಹಾಗೆ ಅವನು ತನಗೆ ತಾನೇ ಯಾರೋ ಆಗಿದ್ದ. ಅನ್ನ ತಿಂದರೆ ಹೊಟ್ಟೆ ತುಂಬುತ್ತಿತ್ತು, ರುಚಿ ಬರುತ್ತಿರಲಿಲ್ಲ. ಗಿರಾಕಿ ಚೌಕಾಸಿ ಮಾಡಿದರೆ ಬಾಯಿ ತಾನಾಗಿ ಉತ್ತರ ಕೊಡುತ್ತಿತ್ತು. ವ್ಯಾಪಾರ ಏನೂ ಕಮ್ಮಿಯಾಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಜಾಸ್ತಿಯೇ ಆಯಿತು, ಹೆಂಡತಿ ಸತ್ತವನ ಹತ್ತಿರ ಯಾರು ತಾನೇ ಹೆಚ್ಚು ಚೌಕಾಸಿ ಮಾಡುತ್ತಾರೆ.

ಬೇಸಿಗೆ ಏರಿತು. ಓಣಿಯ ಬೋರ್‌ವೆಲ್ ಬರೀ ಗಾಳಿ ಉಗುಳತೊಡಗಿತು. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಅರ್ಧ ಗಂಟೆ. ಲಕ್ಕಮ್ಮ ನಲ್ಲಿ ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ಇಟ್ಟು, ಔಷಧಿ ವಾಸನೆ ಹೋದ ಮೇಲೆ ಕೊಳಕ್ಕೆ ಸುರಿಯುತ್ತಿದ್ದಳು. ಧರ್ಮರಾಜುವೂ ಸುರಿದ. ಯಾಕೆಂದು ಕೇಳಿದ್ದರೆ, ಡ್ರಮ್ಮು ತುಂಬಿತ್ತು ಎನ್ನುತ್ತಿದ್ದ. ಕೆಸುವಿನ ಒಣಗಿದ ಎಲೆ ಕಿತ್ತ, ದವನಕ್ಕೆ ನೆರಳಿಗೆಂದು ಗೋಣಿತಾಟು ಕಟ್ಟಿದ, ನೀರಿನ ಮೇಲೆ ಕಟ್ಟಿದ ಪಾಚಿಯನ್ನು ಜರಡಿಯಲ್ಲಿ ಎತ್ತಿ ಹಾಕಿದ. ಬಿಸಿಲಿಗೆ ತೊಟ್ಟಿಯ ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಸುಡುತ್ತಿದೆ ಎಂದು ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ವೈಶಾಖದಲ್ಲಿ ಮೊಗ್ಗು ಬಂತು. ಮೊದಲು ಕಂಡಿದ್ದು ಕಲ್ಯಾಣಮ್ಮನಿಗೆ. ಅವರ ಮನೆ ಗೋಡೆಯಾಚೆಯೇ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದು ಓಣಿಯ ಎಲ್ಲರ ಸಂಸಾರ ನೋಡಿಕೊಳ್ಳುತ್ತಿದ್ದರು.

"ಏನಪ್ಪಾ ಧರ್ಮರಾಜು, ಮೊಗ್ಗು ನೋಡ್ದಾ?"

"ನೋಡ್ದೆ."

"ನೋಡ್ದೆ ಅಂತಾನೆ, ಕರೆಂಟ್ ಬಿಲ್ ನೋಡ್ದಂಗೆ! ಲಕ್ಕಿ ಹೇಳಿದ್ದು ಗ್ಯಾಪ್ಕ ಐತಾ?"

"ಐತಕ್ಕ. ಕುಯ್ಯಲ್ಲ."

ಅವನು ಸುಳ್ಳು ಹೇಳಲಿಲ್ಲ. ಕುಯ್ಯುವ ಯೋಚನೆ ಅವನ ತಲೆಯಲ್ಲಿ ಇರಲಿಲ್ಲ. ತಲೆಯಲ್ಲಿ ಏನೂ ಇರಲಿಲ್ಲ ಎನ್ನುವುದೇ ತೊಂದರೆಯಾದದ್ದು. ಮೊಗ್ಗು ನೀರಿನಿಂದ ಎದ್ದು, ದಂಟು ಉದ್ದವಾಗಿ, ತುದಿ ಗುಲಾಬಿಗೆ ತಿರುಗಿತು. ನಾಳೆ ಬೆಳಿಗ್ಗೆ ಅರಳುತ್ತದೆ ಎಂದು ಕಲ್ಯಾಣಮ್ಮ ಲೆಕ್ಕ ಹಾಕಿ, ಕಾಫಿ ತಾವೇ ತರುವುದಾಗಿ ಹೇಳಿ ಹೋದರು.

ಆ ನಾಳೆಯೇ ಜ್ಯೋತಿಲಕ್ಷ್ಮಿ ಮೇಡಂ ಮನೆಯಲ್ಲಿ ಲಕ್ಷ್ಮೀಪೂಜೆ. ಹಳೆ ಗಿರಾಕಿ, ರಿಟೈರ್ ಆದ ಹೆಡ್‌ಮಿಸ್ಟ್ರೆಸ್, ಹನ್ನೊಂದು ತಾವರೆ ಹೇಳಿದ್ದರು. ಮಾರ್ಕೆಟ್ಟಿನಲ್ಲಿ ಮದುವೆ ಸೀಜನ್ನಿನ ನೂಕುನುಗ್ಗಲು. ಧರ್ಮರಾಜುವಿಗೆ ಸಿಕ್ಕ ಒಳ್ಳೆಯ ಮೊಗ್ಗು ಹತ್ತೇ. ಹೂವಿಗೆ ಹೊದಿಸುವ ಗೋಣಿತಾಟನ್ನು ನೀರಲ್ಲಿ ನೆನೆಸಿಕೊಳ್ಳಲು ಮನೆಗೆ ಬಂದು, ಹಿತ್ತಿಲಿಗೆ ಹೋಗಿ, ತೊಟ್ಟಿಯ ಮುಂದೆ ಬಗ್ಗಿದ. ಎದುರಿಗೇ ಒಂದು ಮೊಗ್ಗು, ಬಿರಿಯಲು ಸಿದ್ಧವಾಗಿ, ಅಂದರೆ ಅವನ ಭಾಷೆಯಲ್ಲಿ ಹಾಳಾಗಲು ಸಿದ್ಧವಾಗಿ, ನಿಂತಿತ್ತು. ಕೈ ಸೊಂಟದ ಚಾಕುವಿಗೆ ಹೋಯಿತು. ದಂಟನ್ನು ಉದ್ದ ಹಿಡಿದು ನೀರಿನೊಳಗೇ ಓರೆಯಾಗಿ ಕತ್ತರಿಸಿತು, ಹತ್ತರ ಜೊತೆಗೆ ಸೇರಿಸಿತು. ಆರ್ಡರ್ ಪೂರ್ತಿಯಾಯಿತು. ಇಷ್ಟೂ ಹೊತ್ತು ಧರ್ಮರಾಜು ಅಲ್ಲಿ ಇದ್ದನೋ ಇಲ್ಲವೋ ಅವನಿಗೇ ತಿಳಿಯದು. ಹೂವನ್ನು ಮೇಡಂ ಮನೆಗೆ ಮುಟ್ಟಿಸಿ ಅಂಗಡಿ ತೆಗೆದ.

ಸ್ವಲ್ಪ ಹೊತ್ತಿಗೆ ಕಲ್ಯಾಣಮ್ಮ ಗಾಂಧಿ ಬಜಾರಿನ ಜನದ ನಡುವೆ ನುಗ್ಗಿಕೊಂಡು ಬಂದರು. ಒಂದು ಕಾಲಲ್ಲಿ ಕಪ್ಪು ಚಪ್ಪಲಿ, ಇನ್ನೊಂದರಲ್ಲಿ ನೀಲಿ.

"ಧರ್ಮರಾಜು, ಕಳ್ತನ ಆಗೈತೆ ಕಣಪ್ಪಾ! ಹಿತ್ಲಿಗೆ ಯಾರೋ ನುಗ್ಗವ್ರೆ. ಮೊಗ್ಗಿಲ್ಲ!"

ಶೀನಣ್ಣ ಬಾಳೆಎಲೆ ಬಿಟ್ಟು ಎದ್ದ. "ಏನೇನ್ ಹೋಗೈತೆ ಅಮ್ಮ?"

"ತಾವರೆ ಮೊಗ್ಗು!"

"ಬರೀ ಮೊಗ್ಗಾ? ಗ್ಯಾಸ್ ಸಿಲಿಂಡರ್ ಐತಾ ನೋಡಿದ್ರಾ?"

"ಸುಮ್ನಿರಯ್ಯ ನೀನು. ಕೈ ಪಳಗಿದ ಕಳ್ಳ ಕಣಪ್ಪಾ ಧರ್ಮರಾಜು. ದಂಟು ಎಳೆದಿಲ್ಲ, ಕಿತ್ತಿಲ್ಲ. ಓರೆಯಾಗಿ ಎಷ್ಟು ಚೆನ್ನಾಗಿ ಕುಯ್ದವ್ನೆ ಅಂತೀಯಾ..."

ಹೇಳುತ್ತ ಹೇಳುತ್ತ ಅವರ ದೃಷ್ಟಿ ಧರ್ಮರಾಜುವಿನ ಕೈ ಮೇಲೆ ನಿಂತಿತು. ಅವನೂ ತನ್ನ ಕೈಯನ್ನೇ ನೋಡಿಕೊಂಡ.

"ನಾನೇ ಅಕ್ಕ," ಎಂದ.

ಕಲ್ಯಾಣಮ್ಮ ಬೈಯಲಿಲ್ಲ. ಅವರ ಬಾಯಲ್ಲಿ ಬೈಗುಳ ಇಲ್ಲದ್ದನ್ನು ಗಾಂಧಿ ಬಜಾರು ಅದೇ ಮೊದಲು ಕಂಡಿದ್ದು.

ಧರ್ಮರಾಜು ಅಂಗಡಿಯನ್ನು ಶೀನಣ್ಣನ ಮೇಲೆ ಬಿಟ್ಟು ಮೇಡಂ ಮನೆಗೆ ನಡೆದ. ಮೊಗ್ಗನ್ನು ವಾಪಸು ತಂದು ಏನು ಮಾಡುವುದೆಂದು ಗೊತ್ತಿರಲಿಲ್ಲ, ಕುಯ್ದದ್ದನ್ನು ಮತ್ತೆ ಗಿಡಕ್ಕೆ ಹಚ್ಚಲಾಗುವುದಿಲ್ಲ. ಆದರೂ ನಡೆದ. ದೇವರ ಮುಂದೆ ಹನ್ನೊಂದು ತಾವರೆಯೂ ಕೂತಿದ್ದವು. ಮನೆಯ ಹೆಂಗಸರು ಮೊಗ್ಗುಗಳ ಎಸಳನ್ನು ಬೆರಳಲ್ಲಿ ಹೊರಕ್ಕೆ ಮಡಚಿ, ಒಂದೊಂದನ್ನೂ ಬಲವಂತವಾಗಿ ಅರಳಿಸಿಟ್ಟಿದ್ದರು. ಹನ್ನೊಂದೂ ಒಂದೇ ಥರ. ಅವನು ಬಾಗಿಲಲ್ಲೇ ನಿಂತು ಹುಡುಕಿದ. ಇಷ್ಟು ವರ್ಷ ಹೂವಿನಲ್ಲೇ ಬದುಕಿದವನಿಗೆ ತನ್ನ ಮನೆಯದು ಯಾವುದೆಂದು ತಿಳಿಯಲಿಲ್ಲ.

"ಏನ್ ಧರ್ಮರಾಜು, ಏನಾದ್ರೂ ಮರೆತ್ರಾ?" ಎಂದರು ಜ್ಯೋತಿಲಕ್ಷ್ಮಿ.

"ಇಲ್ಲ ಮೇಡಂ."

"ಹಾಗಾದ್ರೆ ಬನ್ನಿ, ಮಂಗಳಾರತಿ ತಗೊಳ್ಳಿ. ಹೂವು ಬಹಳ ಚೆನ್ನಾಗಿದೆ ಈ ಸಲ."

ಅವನು ಮಂಗಳಾರತಿ ತೆಗೆದುಕೊಂಡ. ಕೋಸಂಬರಿ ಕೊಟ್ಟರು, ತಿಂದ.

ಸಂಜೆ ಕಲ್ಯಾಣಮ್ಮ ತೊಟ್ಟಿಯ ಕಟ್ಟೆ ಮೇಲೆ ಕೂತಿದ್ದರು. "ನೀರಿನೊಳಗೆ ಕುಯ್ದಿದೀಯ. ದಂಟಿನೊಳಗೆ ನೀರಿಳಿದು ಗೆಡ್ಡೆ ಕೊಳೀಬಹುದು. ಕೊಳೀದಿದ್ರೆ ಇನ್ನೊಂದು ಬಂದ್ರೂ ಬರಬಹುದು. ಬಂದ್ರೆ ಏನ್ ಮಾಡ್ತೀಯ?"

"ಕುಯ್ಯಲ್ಲ ಅಂತ ಹೋದ್ಸತಿನೂ ಅಂದಿದ್ದೆ."

"ಅದಕ್ಕೇ ಕೇಳಿದ್ದು."

ಧರ್ಮರಾಜು ಎದ್ದು ಒಳಗೆ ಹೋಗಿ, ಅಂಗಡಿಗೆ ಹಾಕುವ ದೊಡ್ಡ ಬೀಗ ತಂದ. ಹಿತ್ತಿಲ ಬಾಗಿಲಿಗೆ ಜಡಿದು ಕೀಲಿಯನ್ನು ಅವರ ಕೈಗೆ ಕೊಟ್ಟ. ತನ್ನ ಮನೆಯಲ್ಲಿ ತನ್ನನ್ನೇ ಹೊರಗಿಟ್ಟು ಬೀಗ ಹಾಕಿದ ಮನುಷ್ಯ ಇಡೀ ಕಾಲೋನಿಯಲ್ಲಿ ಅವನೊಬ್ಬನೇ ಇರಬೇಕು. ಅಂದಿನಿಂದ ದಿನಾ ಸಂಜೆ ಕಲ್ಯಾಣಮ್ಮ ಬಂದು ಬೀಗ ತೆಗೆಯುವರು, ಅವನ ಸೊಂಟ ತಡವಿ ಚಾಕು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವರು, ಅವನು ನೀರು ಸುರಿಯುವಷ್ಟು ಹೊತ್ತು ತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿರುವರು. ಶೀನಣ್ಣ ಸುದ್ದಿ ಕೇಳಿ, "ಬೇಲ್ ಯಾವಾಗ ಗುರು?" ಎಂದ.

ಬಿಸಿಲು ಹೆಚ್ಚಿ ನೈದಿಲೆಯ ಎಲೆಗಳ ಅಂಚು ಸುಟ್ಟುಹೋಯಿತು. ಡ್ರಮ್ಮು ಅರ್ಧವೂ ತುಂಬದ ದಿನ ಅವನು ಸ್ನಾನ ಬಿಟ್ಟು ಆ ನೀರನ್ನು ಕೊಳಕ್ಕೆ ಹಾಕಿದ. ಕತ್ತರಿಸಿದ ದಂಟು ಕಪ್ಪಾಯಿತು. ಕಪ್ಪು ಕೆಳಗಿಳಿಯುತ್ತದೇನೋ ಎಂದು ಕಲ್ಯಾಣಮ್ಮ ದಿನಾ ಬಗ್ಗಿ ನೋಡಿದರು. ಇಳಿಯಲಿಲ್ಲ. ಹೊಸ ಎಲೆಯೊಂದು ಸುರುಳಿ ಬಿಚ್ಚಿತು, ಅದರ ಪಕ್ಕದಲ್ಲಿ ಹೆಬ್ಬೆಟ್ಟಿನಷ್ಟು ಮೊಗ್ಗು.

ಅದು ಅರಳುವ ಬೆಳಿಗ್ಗೆ ಧರ್ಮರಾಜು ಅಡುಗೆಮನೆಯ ಕಿಟಕಿಯ ಸರಳು ಹಿಡಿದು ನಿಂತಿದ್ದ. ಎಸಳು ಒಂದೊಂದಾಗಿ ಸಡಿಲವಾದವು. ಯಾರೂ ಮಡಚಲಿಲ್ಲ, ತಾವಾಗಿ ಸಡಿಲವಾದವು. ಎದೆಯಲ್ಲಿ ಏನಾದರೂ ಒಡೆಯಬಹುದೆಂದು ಅವನು ಕಾದ. ಒಡೆಯಲಿಲ್ಲ. ಅಭ್ಯಾಸಬಲದಿಂದ ಬೆಲೆ ಕಟ್ಟಲು ನೋಡಿದ, ಅರಳಿದ ತಾವರೆಗೆ ಬೆಲೆ ಇರಲಿಲ್ಲ. ಅರಳಿತು. ಅಷ್ಟೆ. ಅವನು ಅಂಗಿ ಹಾಕಿಕೊಂಡು ಮಾರ್ಕೆಟ್ಟಿಗೆ ಹೋದ, ತಡವಾಗಿ.

ಮಧ್ಯಾಹ್ನ ಊಟಕ್ಕೆ ಬಂದವನು ಕಿಟಕಿಯಲ್ಲಿ ಇಣುಕಿ, ತಟ್ಟೆ ಬಿಟ್ಟು ಗೋಡೆಯಾಚೆಗೆ ಓಡಿದ.

"ಅಕ್ಕಾ! ಮುಚ್ಕೊಂಡ್ಬಿಟ್ಟೈತೆ!"

"ಏನು, ಅಂಗ್ಡಿನಾ?"

"ಹೂವು! ನಾನು ಮುಟ್ಟಿಲ್ಲ, ದೇವ್ರಾಣೆ ಮುಟ್ಟಿಲ್ಲ!"

ಕಲ್ಯಾಣಮ್ಮನಿಗೆ ನಗು ತಡೆಯಲಾಗಲಿಲ್ಲ. "ತಾವರೆ ಬಿಸಿಲೇರಿದ್ಮೇಲೆ ಮುಚ್ಕೊಂಡು ನಾಳೆ ಬೆಳಿಗ್ಗೆ ತಿರುಗಾ ಅರಳುತ್ತೆ ಕಣಯ್ಯಾ. ಅಯ್ಯೋ ರಾಮ, ಹೂವಿನ ವ್ಯಾಪಾರಿಯಂತೆ!"

ಅವನು ವಾಪಸು ಹೋಗಿ, ಕಿಟಕಿಯ ಕಡೆ ಮುಖ ಮಾಡಿ ತಟ್ಟೆಯ ಮುಂದೆ ಕೂತ. ಮರುದಿನ ಅದು ಮತ್ತೆ ಅರಳಿತು, ಇನ್ನೂ ಅಗಲವಾಗಿ. ಅದರ ಮರುದಿನ ಬಣ್ಣ ತೆಳುವಾಯಿತು. ಆಮೇಲೊಂದು ಬೆಳಿಗ್ಗೆ ಕಲ್ಯಾಣಮ್ಮ ತಾವಾಗಿ ಬೀಗ ತೆಗೆದರು, ಇಬ್ಬರೂ ಕಟ್ಟೆ ಮೇಲೆ ಕೂತರು. ಎಸಳುಗಳು ಒಂದೊಂದೇ ಕಳಚಿ ನೀರಿಗೆ ಬಿದ್ದು, ದೋಣಿಯಂತೆ ಅಲ್ಲಲ್ಲೇ ನಿಂತವು. ಗಪ್ಪಿಗಳು ಬಂದು ಮೂತಿ ತಾಗಿಸಿ ಹೋದವು.

"ಏನನ್ನಿಸ್ತೈತೆ?" ಎಂದು ಕೇಳಿದರು.

"ಏನೂ ಇಲ್ಲಕ್ಕ. ಖಾಲಿ."

ಓಣಿಯಲ್ಲಿ ಹಾಲಿನವನ ಗಾಡಿ ಬಂದು ಹೋಯಿತು, ಬಿಸಿಲು ಗೋಡೆಯಿಂದ ಇಳಿದು ಬಜೆಯ ಎಲೆಗಳ ಮೇಲೆ ಬಂತು.

"ಅಂಗ್ಡಿಗೆ ಹೊತ್ತಾಗ್ಲಿಲ್ವೇನಪ್ಪಾ?"

"ಆಗೈತೆ," ಎಂದ ಧರ್ಮರಾಜು, ಕೂತ ಕಡೆಯಿಂದ ಏಳದೆ. "ಇನ್ನೆರಡು ಎಸಳು ಐತೆ. ಅವೂ ಬೀಳ್ಲಿ."