ಎದುರು ಫ್ಲ್ಯಾಟಿನಲ್ಲಿ ಸಾಯುವ ಹೆಂಗಸು

ನೀವು ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಂಬದವರಲ್ಲಿ ನೀವು ಮೊದಲಿಗರೂ ಅಲ್ಲ.

ಗಲ್ಫಿನ ಅಲ್ ನಹ್ದಾದ ನಮ್ಮ ಬಿಲ್ಡಿಂಗಿನಲ್ಲಿ, ಎದುರು ಫ್ಲ್ಯಾಟಿಗೆ ಒಬ್ಬ ಬಿಳಿ ಅಜ್ಜಿ ಬಂದರು. ಲಿಫ್ಟಿನೊಳಗೂ ಕಪ್ಪು ಕನ್ನಡಕ. ಕಸ ಎಸೆಯಲು ಹೊರಟರೂ ತುಟಿಗೆ ಕೆಂಪು ಬಣ್ಣ. ಬಿಳಿಯರೆಲ್ಲ ಸಮುದ್ರ ಕಾಣುವ ಕಡೆ ಇರುವಾಗ ಇವರು ನಮ್ಮ ಒಣಮೀನಿನ ವಾಸನೆಗೆ ಬಂದದ್ದೇಕೆ? ಅಮ್ಮನ ಅನುಮಾನವೇ ಬೇರೆ. ಚೌತಿಗೆ ನನ್ನ ಕೈಯಲ್ಲಿ ಪಾಯಸ ಕಳಿಸಿದ್ದ ಸ್ಟೀಲ್ ಡಬ್ಬವನ್ನು ಅವರು ತೊಳೆದು, ಖಾಲಿಯಾಗಿಯೇ ಹಿಂದಿರುಗಿಸಿದ್ದರು.

"ಒಂದು ಚಿಟಿಕೆ ಸಕ್ಕರೆಯಾದ್ರೂ ಹಾಕಿ ಕೊಡುದಲ್ವಾ? ಎಂತದೋ ಸಮ ಇಲ್ಲ ಆ ಹೆಂಗಸು."

ನಾನು ಸ್ಕೂಲ್ ಬಸ್ಸಿನಲ್ಲಿ ಘೋಷಿಸಿಯೇ ಬಿಟ್ಟೆ: ಅವರು ಯುರೋಪಿನ ಫಿಲ್ಮ್ ಸ್ಟಾರ್, ಅವರಿಗಾಗಿ ಒಬ್ಬ ರಾಜಕುಮಾರ ಸಿಂಹಾಸನವನ್ನೇ ಬಿಟ್ಟಿದ್ದ.

"ಸಾಕ್ ಬಿಡೇ," ಅಂದಳು ಮೈಸೂರಿನ ಗೆಳತಿ. "ಹೋದ್ಸಲ ನಿಮ್ ತಾತ ಹುಲಿಗೆ ಕಾಫಿ ಕುಡಿಸಿದ್ರು ಅಂದಿದ್ದೆ. ನಾಳೆ ಪ್ರೂಫ್ ತೋರ್ಸು. ಇಲ್ಲಾಂದ್ರೆ ಬಸ್ಸಲ್ಲಿ ಎಲ್ರ ಮುಂದೆ ನಿಂತು 'ನಾನು ಹೇಳೋದೆಲ್ಲ ಬುರುಡೆ' ಅನ್ಬೇಕು."

ನನ್ನಂಥವಳಿಗೆ ಅದು ಸಾವಿಗೆ ಸಮ.

ಸಂಜೆ ಅಮ್ಮ ಸ್ನಾನಕ್ಕೆ ಹೋದದ್ದೇ, ಅದೇ ಡಬ್ಬಕ್ಕೆ ಗೋಳಿಬಜೆ ತುಂಬಿಕೊಂಡು ಎದುರಿನ ಬೆಲ್ ಒತ್ತಿದೆ. ಬಾಗಿಲು ಸರಪಳಿಯಷ್ಟೇ ತೆರೆಯಿತು.

"ಈ ಸಲ ನಿನಗೆ ಏನು ಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗಿಂತ ದೊಡ್ಡ ಅನುಮಾನದ ಪ್ರಾಣಿ!

ಗೋಳಿಬಜೆಯ ಪರಿಮಳ ಸರಪಳಿ ಬಿಚ್ಚಿಸಿತು. ಒಳಗೆ ಗೋಡೆಯ ಮೇಲೆ ಒಂದೂ ಫೋಟೋ ಇಲ್ಲ. ಇವರೆಂಥ ನಟಿ? ನಮ್ಮಮ್ಮನ ಮದುವೆ ಫೋಟೋ ಅಡುಗೆಮನೆಯಲ್ಲೂ ಇದೆ.

"ಆಂಟೀ, ನೀವು ಫಿಲ್ಮಿನಲ್ಲಿ ಇದ್ದಿರಾ?"

ಅಗಿಯುವುದು ನಿಂತಿತು. "ಯಾರು ಹೇಳಿದ್ದು?"

"ನಿಮ್ಮ ಕನ್ನಡಕ."

ನಕ್ಕುಬಿಟ್ಟರು. ಹುಡುಗಿಯಾಗಿದ್ದಾಗ ಬ್ರೆಡ್ ಅಂಗಡಿಯಲ್ಲಿ ಒಲೆಯ ಕಾವಿಗೆ ತಲೆ ತಿರುಗಿ ಬಿದ್ದರಂತೆ. ಅಲ್ಲಿದ್ದ ಡೈರೆಕ್ಟರ್ ಒಬ್ಬ, "ಇನ್ನೊಮ್ಮೆ ಬೀಳು" ಅಂದನಂತೆ. ಆಮೇಲೆ ಎಲ್ಲ ಚಿತ್ರಗಳಲ್ಲೂ ಬೀಳುವುದೇ ಕೆಲಸ. ಕಪ್ಪುಬಿಳುಪಿನಲ್ಲಿ ಕ್ಷಯದಿಂದ ಸತ್ತರು, ಬಣ್ಣ ಬಂದ ಮೇಲೆ ವಿಷದಿಂದ. ಕೊನೆಯವರೆಗೆ ಬದುಕಿರುವ ಪಾತ್ರ ಒಂದೇ ಒಂದು ಸಿಕ್ಕಿತ್ತು. ಅಷ್ಟರಲ್ಲಿ ನಿರ್ಮಾಪಕನೇ ಸತ್ತ.

"ಎಲ್ಲ ಫೋಟೋಗಳಲ್ಲೂ ಹೆಣವಾಗಿದ್ದೇನೆ. ಗೋಡೆಗೆ ಯಾವುದನ್ನು ಹಾಕಲಿ?"

ಬುರುಡೆ ಬಿಡುವವಳಿಗೆ ಇನ್ನೊಬ್ಬರ ಬುರುಡೆ ಗೊತ್ತಾಗದೇ? "ಒಮ್ಮೆ ಸತ್ತು ತೋರಿಸಿ," ಎಂದು ಫೋನ್ ಹಿಡಿದೆ.

ಕನ್ನಡಕ ತೆಗೆದಿಟ್ಟರು. ಕೈ ಕುತ್ತಿಗೆಗೆ ಹೋಯಿತು. ಯಾರೋ ಕರೆದಂತೆ ಕಿಟಕಿಯತ್ತ ನೋಡಿದರು, ಆಮೇಲೆ ಮೊಣಕಾಲು ಮಡಚಿತು. ಮುಖದ ಬಣ್ಣ ನನ್ನ ಕಣ್ಣೆದುರೇ ಇಳಿದುಹೋಯಿತು, ಆಣೆ ಮಾಡಿ ಹೇಳುತ್ತೇನೆ. ಕಾರ್ಪೆಟ್ಟಿನ ಮೇಲೆ ಬಿದ್ದವರು ಉಸಿರಾಡಲಿಲ್ಲ. ನಟನೆಯೋ, ನಿಜವೋ? ರೆಕಾರ್ಡಿಂಗ್ ಮಾತ್ರ ನಿಲ್ಲಿಸಲಿಲ್ಲ.

ಆಗ, ಸರಪಳಿ ಹಾಕದ ಬಾಗಿಲಿನಿಂದ ಅಮ್ಮ ಒಳಗೆ ಬಂದಳು. ತಲೆಗೆ ಟವೆಲ್, ಕೈಯಲ್ಲಿ ಮನೆಯ ಕೀ ಗೊಂಚಲು.

"ನನ್ನ ಡಬ್ಬ ಎಲ್ಲಿ— ಅಯ್ಯೋ ದೇವ್ರೇ, ಫಿಟ್ಸು!"

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂಬುದು ನಮ್ಮಮ್ಮನ ಮದ್ದು. ಕೀ ಗೊಂಚಲನ್ನು ಅವರ ಅಂಗೈಗೆ ತುರುಕಿ ಬೆರಳು ಮಡಚಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಜೀವ ಹೋಗುವಾಗ ವಿಡಿಯೋ ತೆಗಿಯುದಾ? ಮನುಷ್ಯಳಾ ನೀನು?"

"ಅಮ್ಮಾ, ಅದು ಆಕ್ಟಿಂಗ್!"

"ಇಲ್ಲೂ ಬುರುಡೆಯಾ!"

ಫೋನ್ ಕಿತ್ತುಕೊಂಡು ನನ್ನ ಕಣ್ಣೆದುರೇ ವಿಡಿಯೋ ಅಳಿಸಿದಳು. ಪ್ರೂಫ್ ಖಲಾಸ್.

ಹೆಣದ ಕೆಂಪು ತುಟಿ ನಗು ತಡೆಯಲಾರದೆ ಅದುರಿತು.

"ನಡುಗುದು ಶುರುವಾಯ್ತು!" ಎಂದು ಅಮ್ಮ ಕಬ್ಬಿಣದ ಸಟ್ಟುಗ ತರಲು ಓಡಿದಳು. ಫೋನನ್ನೂ ಒಯ್ದಳು.