ಲೇತ್ ಬೀದಿಯ ಮಕ್ಕಳ ಫೋಟೊ

ಸುಹಾನಾ ಅಂಗಡಿಗೆ ಕಾಲಿಟ್ಟಾಗ ಉದಯಶಂಕರ್ ಅಭ್ಯಾಸದಂತೆ ಕಣ್ಣಲ್ಲೇ ಬೆಲೆ ಕಟ್ಟಿದ. ವಯಸ್ಸು ನಲವತ್ತರ ಆಸುಪಾಸು. ಚಪ್ಪಲಿ ಸವೆದಿದೆ, ಕ್ಯಾಮೆರಾದ ಪಟ್ಟಿಗೆ ಎರಡು ಕಡೆ ಹೊಲಿಗೆ ಬಿದ್ದಿದೆ. ಚೌಕಾಸಿ ಮಾಡುವ ಬಾಯಲ್ಲ, ಹಾಗಂತ ಹೇಳಿದ ರೇಟಿಗೆ ತಲೆಯಾಡಿಸುವ ಗಿರಾಕಿಯೂ ಅಲ್ಲ. ಚನ್ನಪಟ್ಟಣದ ಹೆದ್ದಾರಿಯಲ್ಲಿ ಇಪ್ಪತ್ತು ವರ್ಷ ಗೊಂಬೆ ಮಾರಿದವನಿಗೂ ಇಂಥವರನ್ನು ಕಂಡರೆ ಕೊಂಚ ಭಯ.

ಬೆಳಗ್ಗೆ ಅವಳದು ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಸೈಜಿನ ಕೆಲಸ. ಶಾಲೆ ಬಿಟ್ಟ ಹೊತ್ತಿಗೆ ಗೊಂಬೆ ಕೆಲಸದವರ ಬೀದಿಯಲ್ಲಿರುತ್ತಾಳೆ. ಅಲ್ಲಿ ಮಕ್ಕಳು ಗೊಂಬೆ ಕಡೆಯುವ ಲೇತಿನಿಂದ ಉದುರಿದ ಮರದ ಸುರುಳಿಯನ್ನು ಗಡ್ಡ ಮಾಡಿಕೊಂಡು ಅಜ್ಜಂದಿರಾಗುತ್ತಾರೆ, ಒಡೆದ ರಾಟೆಯ ಚಕ್ರ ಉರುಳಿಸುತ್ತಾರೆ. ನಿಲ್ಲಿ, ನಗಿ ಎನ್ನದೆ ಹತ್ತು ವರ್ಷದಿಂದ ಅದನ್ನೇ ತೆಗೆಯುತ್ತಿದ್ದಾಳೆ. ಮೊದಲ ಪ್ರಿಂಟು ಮಗುವಿನ ಮನೆಗೆ. ಎಲ್ಲವನ್ನೂ ಒಟ್ಟಿಗೆ ನೋಡಲು ಮಾತ್ರ ಊರಲ್ಲಿ ಜಾಗವಿರಲಿಲ್ಲ. ಅವಳು ಕೇಳಲು ಬಂದದ್ದು ಅವನ ಅಂಗಡಿಯ ಖಾಲಿ ಗೋಡೆಯನ್ನು.

ಕೊಡುತ್ತೇನೆ ಎಂದ. ಆದರೆ ನಡುವೆ ಒಂದು ದೊಡ್ಡ ಫೋಟೊ ಇರಬೇಕು, ಅದರಲ್ಲಿ ಆ ಮಕ್ಕಳು ತನ್ನ ಹೊಸ ಗೊಂಬೆಗಳ ಜೊತೆ ಆಡುತ್ತಾ ನಗುತ್ತಿರಬೇಕು. ಅದಿಲ್ಲದಿದ್ದರೆ ಗೋಡೆಯೂ ಇಲ್ಲ.

"ಆಡಿದ್ರೆ ತೆಗೀತೀನಣ್ಣ. ಆಡ್ಸಿ ತೆಗಿಯಲ್ಲ."

"ಗೊಂಬೆ ಕೊಟ್ರೆ ಆಡ್ದೆ ಇರ್ತಾವಾ? ಮಕ್ಳು ಕಣಮ್ಮ ಅವು."

ಭಾನುವಾರ ಒಂದು ಪೆಟ್ಟಿಗೆ ಹೊಸ ಮಾಲು ತಂದು ಬೀದಿಯಲ್ಲಿ ಸುರಿದ. ಆಡಿಕೊಳ್ಳಿ ಎಂದ. ಮಕ್ಕಳು ಸುತ್ತ ಕೂತರು. ಆ ಮನೆಗಳಲ್ಲಿ ಹೊಸ ಗೊಂಬೆಯೆಂದರೆ ಮಾರುವ ಮಾಲು. ಅಮ್ಮಂದಿರ ಪಕ್ಕ ಕೂತು ಪ್ಯಾಕಿಂಗ್ ನೋಡಿ ಬೆಳೆದವರು ಅವರು. ಬಣ್ಣ ಬಣ್ಣ ಬೇರೆ ಮಾಡಿದರು, ಡಜನ್ ಲೆಕ್ಕದಲ್ಲಿ ಸಾಲಿಟ್ಟರು, ಹಳೇ ಪೇಪರಿನಲ್ಲಿ ಸುತ್ತತೊಡಗಿದರು. ಎಂಟು ವರ್ಷದ ಅಸ್ರಾ ಎರಡು ಆನೆಗಳನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಸವರಿ, ಪಕ್ಕಕ್ಕಿಟ್ಟಳು.

"ಅಂಕಲ್, ಇವೆರಡ್ರದ್ದು ಅರಗಿನ ಬಣ್ಣ ಬುಟ್ಟೈತೆ. ಸೆಕೆಂಡ್ಸ್‌ಗೆ ಹಾಕಿ."

ಬೆಳಗ್ಗೆ ಅವೆರಡನ್ನೂ ಒಳ್ಳೆಯ ಮಾಲೆಂದು ಪಾಸ್ ಮಾಡಿದವನು ಉದಯಶಂಕರನೇ.

ತುಂಬಿದ ಪೆಟ್ಟಿಗೆಯನ್ನು ಅವನ ಕೈಗೊಪ್ಪಿಸಿ, ಮಕ್ಕಳು ಚಕ್ರ ಉರುಳಿಸಲು ಓಡಿದರು. ಸುಹಾನಾ ತಾನು ತೆಗೆದದ್ದನ್ನು ಕ್ಯಾಮೆರಾದಲ್ಲಿ ತೋರಿಸಿದಳು: ಗಂಭೀರವಾಗಿ ಬಗ್ಗಿದ ಏಳು ತಲೆ, ಮೂಲೆಯಲ್ಲಿ ಬಾಯಿ ಬಿಟ್ಟು ನಿಂತ ಅವನು.

"ನೀವು ಹೇಳ್ದಂಗೆ ಬಂದಿಲ್ಲ. ಗೋಡೆ ಬ್ಯಾಡ ಬುಡಿ ಅಣ್ಣ," ಎಂದು ಚೀಲದ ಜಿಪ್ಪು ಎಳೆದಳು.

ಅವನು ಪೆಟ್ಟಿಗೆ ಇಳಿಸಿ, ಅಸ್ರಾ ಪಕ್ಕಕ್ಕಿಟ್ಟಿದ್ದ ಆ ಎರಡು ಆನೆಗಳನ್ನು ಎತ್ತಿ ನೋಡಿದ. "ನಿಲ್ಲಮ್ಮ," ಎಂದ. "ಅದನ್ನೇ ದೊಡ್ಡದ್ ಮಾಡ್ಸು."

ಫೋಟೊಗಳು ಗೋಡೆಗೇರಿದ ಮೊದಲ ದಿನ ಅಂಗಡಿ ತುಂಬಿತು, ಕೊಳ್ಳುವವರಿಂದಲ್ಲ, ಬೀದಿಯ ತಾಯಂದಿರಿಂದ. ಅಸ್ರಾಳ ತಾಯಿ ರಹೀಮಾ ನಡುವಿನ ಫೋಟೊ ನೋಡಿ, ಮಗಳು ಆನೆಗೆ ಪೇಪರು ಸುತ್ತಿದ್ದು ಸರಿಯಿಲ್ಲ, ಸೊಂಡಿಲು ಮುರಿಯುತ್ತದೆ ಎಂದಳು. ಬಾಯಿ ಬಿಟ್ಟವನು ಯಾರೆಂದು ಗಿರಾಕಿಗಳು ಕೇಳಿದರೆ, ಯಾವನೋ ದಾರಿಹೋಕ ಎನ್ನುತ್ತಾನೆ ಉದಯಶಂಕರ್.

ಗೋಡೆಗಾಗಿ ಸುಹಾನಾ ಅವನಿಗೆ ಥ್ಯಾಂಕ್ಸ್ ಹೇಳಿದಳು. ಇಪ್ಪತ್ತು ವರ್ಷ ಆ ಬೀದಿಯಿಂದ ಮಾಲು ಎತ್ತಿದವನಿಗೆ ಅಲ್ಲಿನ ಮಕ್ಕಳು ಏನು ಆಡುತ್ತಾರೆಂದು ಗೊತ್ತಿರಲಿಲ್ಲ. ಗೊತ್ತಾದದ್ದು ಅವಳಿಂದ.